ಅರಳು ಮರಳು ಅಂತೀವಲ್ಲ, ಅದರೊಳಗೆ ನಡೆಯೋದೇನು? ಅಲ್ಝೈಮರ್‌ನ ಅಣುಮಟ್ಟದ ಕಥೆ

(ಪಾಡ್‌ಕಾಸ್ಟ್ ಸಂಚಿಕೆಯ ಬರಹರೂಪ)



ನಮ್ಮ ಮನೆಗಳಲ್ಲಿ ಒಂದು ಮಾತಿದೆ, ‘ಅರವತ್ತಕ್ಕೆ ಅರಳು ಮರಳು’. ಅಜ್ಜಿ ಗ್ಯಾಸ್ ಆರಿಸೋದನ್ನ ಮರೆತರೆ, ತಾತ ಬೆಳಿಗ್ಗೆಯಿಂದ ನಾಲ್ಕನೇ ಸಲ ‘ಪೇಪರ್ ಬಂತಾ?’ ಅಂತ ಕೇಳಿದರೆ, ಮನೆಯವರು ನಗ್ತಾ ಈ ಮಾತು ಹೇಳಿ ಸುಮ್ಮನಾಗ್ತಾರೆ. ಮಾತು ಚೆನ್ನಾಗಿದೆ, ಆದರೆ ಅದು ಮಾಡುವ ಹಾನಿಯೂ ದೊಡ್ಡದು. ವಯಸ್ಸಾದ ಮೇಲೆ ಹೀಗಾಗೋದು ಸಹಜ ಅಂತ ಒಮ್ಮೆ ಒಪ್ಪಿಕೊಂಡುಬಿಟ್ಟರೆ ಯಾರೂ ಡಾಕ್ಟರ್ ಹತ್ತಿರ ಹೋಗೋದಿಲ್ಲ. ಭಾರತದಲ್ಲಿ 60 ದಾಟಿದವರಲ್ಲಿ ನೂರಕ್ಕೆ ಸುಮಾರು 7.4 ಜನರಿಗೆ ಡಿಮೆನ್ಷಿಯಾ ಇದೆ, ಒಟ್ಟು ಸುಮಾರು 88 ಲಕ್ಷ ಮಂದಿ ಅಂತ ರಾಷ್ಟ್ರಮಟ್ಟದ ಅಧ್ಯಯನವೊಂದು ಅಂದಾಜು ಮಾಡಿದೆ. ಡಿಮೆನ್ಷಿಯಾ ಅನ್ನೋದು ಲಕ್ಷಣಗಳ ಗುಂಪಿಗೆ ಇಟ್ಟ ಹೆಸರು, ಜ್ವರ ಅನ್ನೋ ಹಾಗೆ. ಅದಕ್ಕೆ ಕಾರಣ ಹಲವು. ಅವುಗಳಲ್ಲಿ ಅತಿ ಸಾಮಾನ್ಯವಾದದ್ದು ಅಲ್ಝೈಮರ್ ಕಾಯಿಲೆ.

ಇವತ್ತು ನಾವು ಆ ಕಾಯಿಲೆಯ ಒಳಗೇ ಇಳಿದು ನೋಡೋಣ. ಲಕ್ಷಣಗಳ ಪಟ್ಟಿ ನಿಮಗೆ ಎಲ್ಲಾದರೂ ಸಿಗುತ್ತೆ. ಜೀವಕೋಶದ ಒಳಗೆ, ಪ್ರೋಟೀನ್‌ಗಳ ಮಟ್ಟದಲ್ಲಿ ಆಗೋದೇನು ಅನ್ನೋದು ನಮ್ಮ ವಿಷಯ. ಸ್ವಲ್ಪ ಕೆಮಿಸ್ಟ್ರಿ ಇದೆ, ಪಿಯುಸಿ ನೆನಪು ಸಾಕು.

ಮೊದಲು ಹೆಸರಿನ ಕಥೆ. 1901ರ ನವೆಂಬರ್, ಜರ್ಮನಿಯ ಫ್ರಾಂಕ್‌ಫರ್ಟ್. ಅಲ್ಲಿನ ಮಾನಸಿಕ ಆಸ್ಪತ್ರೆಗೆ ಆಗುಸ್ಟೆ ಡೀಟರ್ ಅನ್ನುವ ಹೆಂಗಸನ್ನು ಕರೆತರ್ತಾರೆ. ವಯಸ್ಸು ಬರೀ 51. ಡಾಕ್ಟರ್ ಅಲೋಯಿಸ್ ಅಲ್ಝೈಮರ್ ಹೆಸರು ಕೇಳ್ತಾರೆ. ‘ಆಗುಸ್ಟೆ’ ಅಂತಾಳೆ. ಮನೆತನದ ಹೆಸರು? ‘ಆಗುಸ್ಟೆ.’ ಗಂಡನ ಹೆಸರು? ಅದಕ್ಕೂ ಅದೇ ಉತ್ತರ. ತಟ್ಟೆಯಲ್ಲಿ ಹೂಕೋಸು, ಹಂದಿ ಮಾಂಸ ಇಟ್ಟುಕೊಂಡು ಊಟ ಮಾಡ್ತಿರುವಾಗ ಏನು ತಿಂತಾ ಇದ್ದೀಯಮ್ಮ ಅಂದರೆ ಪಾಲಕ್ ಸೊಪ್ಪು ಅಂತಾಳೆ. 1906ರ ಏಪ್ರಿಲ್‌ನಲ್ಲಿ ಆಕೆ ತೀರಿಕೊಂಡ ಮೇಲೆ ಅಲ್ಝೈಮರ್ ಆಕೆಯ ಮೆದುಳನ್ನು ತರಿಸಿಕೊಂಡು, ತೆಳುವಾಗಿ ಕತ್ತರಿಸಿ, ಬೆಳ್ಳಿಯ ಲವಣದಿಂದ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದರು. ಎರಡು ವಿಚಿತ್ರ ಸಂಗತಿ ಕಂಡವು. ನರಕೋಶಗಳ ಹೊರಗೆ ಅಲ್ಲಲ್ಲಿ ಕಲೆ ಕಟ್ಟಿದ ಹಾಗಿರುವ ಗಡ್ಡೆಗಳು. ನರಕೋಶಗಳ ಒಳಗೆ ಸಿಕ್ಕುಸಿಕ್ಕಾದ ದಾರದ ಹಾಗಿರುವ ಎಳೆಗಳು. ಆ ವರ್ಷದ ನವೆಂಬರ್‌ನಲ್ಲಿ ಟ್ಯೂಬಿಂಗನ್‌ನ ಸಮ್ಮೇಳನದಲ್ಲಿ ಅವರು ಇದನ್ನು ಮಂಡಿಸಿದಾಗ ಸಭೆಯಲ್ಲಿ ಒಬ್ಬರೂ ಪ್ರಶ್ನೆ ಕೇಳಲಿಲ್ಲವಂತೆ.

ಆ ಗಡ್ಡೆಗಳಿಗೆ ಇವತ್ತು ಪ್ಲೇಕ್ ಅಂತೀವಿ, ಒಳಗಿನ ಎಳೆಗಳಿಗೆ ಟ್ಯಾಂಗಲ್ ಅಂತೀವಿ. ಪ್ಲೇಕ್ ಮಾಡಲ್ಪಟ್ಟಿರೋದು ಅಮೈಲಾಯ್ಡ್ ಬೀಟಾ ಅನ್ನೋ ತುಣುಕಿನಿಂದ, ಟ್ಯಾಂಗಲ್ ಆಗೋದು ಟಾವ್ ಅನ್ನೋ ಪ್ರೋಟೀನ್‌ನಿಂದ. ಈ ಎರಡು ಹೆಸರು ನೆನಪಿಟ್ಟುಕೊಳ್ಳಿ, ಅಮೈಲಾಯ್ಡ್ ಮತ್ತು ಟಾವ್. ಇಡೀ ಕಥೆ ಇವರಿಬ್ಬರದೇ.

ಅಮೈಲಾಯ್ಡ್ ಎಲ್ಲಿಂದ ಬರುತ್ತೆ? ಹೊರಗಿನಿಂದ ಬಂದ ವಿಷ ಅಲ್ಲ ಅದು. ನಮ್ಮದೇ ನರಕೋಶಗಳ ಮೇಲ್ಪೊರೆಯಲ್ಲಿ ಎಪಿಪಿ ಅನ್ನೋ ಉದ್ದನೆಯ ಪ್ರೋಟೀನ್ ಇರುತ್ತೆ. ಬಟ್ಟೆಗೆ ಚುಚ್ಚಿದ ಸೂಜಿಯ ಹಾಗೆ ಬಹುಭಾಗ ಕೋಶದ ಹೊರಗೆ, ಒಂಚೂರು ಒಳಗೆ. ಇದರ ಕೆಲಸ ಮುಗಿದ ಮೇಲೆ ದೇಹ ಅದನ್ನು ಕತ್ತರಿಸಿ ವಿಲೇವಾರಿ ಮಾಡುತ್ತೆ. ಕತ್ತರಿಸೋಕೆ ಕಿಣ್ವಗಳಿವೆ, ಅಂದ್ರೆ ಎಂಜೈಮ್‌ಗಳು, ಕತ್ತರಿಗಳು ಅಂದುಕೊಳ್ಳಿ. ಆಲ್ಫಾ ಕತ್ತರಿ ಮೊದಲು ಬಂದು ಕತ್ತರಿಸಿದರೆ ಯಾವ ತೊಂದರೆಯೂ ಇಲ್ಲ. ಅದು ಅಮೈಲಾಯ್ಡ್ ಆಗಬೇಕಾದ ಭಾಗದ ಸರಿಯಾದ ನಡುವಿಗೇ ಕತ್ತರಿ ಹಾಕುತ್ತೆ, ಹಾಗಾಗಿ ಅಮೈಲಾಯ್ಡ್ ಹುಟ್ಟೋದೇ ಇಲ್ಲ. ಬೀಟಾ ಕತ್ತರಿ ಮೊದಲು ಬಂದರೆ ಇನ್ನೊಂದು ದಾರಿ. ಅದು ಒಂದು ತುದಿ ಕತ್ತರಿಸುತ್ತೆ, ಆಮೇಲೆ ಗಾಮಾ ಕತ್ತರಿ ಇನ್ನೊಂದು ತುದಿ ಕತ್ತರಿಸುತ್ತೆ. ನಡುವೆ ಉಳಿದ ತುಂಡೇ ಅಮೈಲಾಯ್ಡ್ ಬೀಟಾ.

ಇಲ್ಲೊಂದು ಸೂಕ್ಷ್ಮ ಇದೆ. ಗಾಮಾ ಕತ್ತರಿಗೆ ಅಳತೆ ಪಕ್ಕಾ ಇಲ್ಲ. ಹೆಚ್ಚಿನ ಸಲ ಅದು 40 ಅಮೈನೋ ಆಮ್ಲಗಳ ತುಂಡು ಕೊಡುತ್ತೆ, ಕೆಲವು ಸಲ 42. ಎರಡೇ ಎರಡು ಅಮೈನೋ ಆಮ್ಲ ಜಾಸ್ತಿ, ಅಷ್ಟೇ ವ್ಯತ್ಯಾಸ. ಆದರೆ ಆ 42ರ ತುಂಡು ಅಂಟು ಜಾಸ್ತಿ ಇರುವಂಥದ್ದು. ಒಂದಕ್ಕೊಂದು ಬೇಗ ಅಂಟಿಕೊಳ್ಳುತ್ತೆ. ಎರಡು, ನಾಲ್ಕು, ಹತ್ತು ಸೇರಿ ಪುಟ್ಟ ಗುಂಪುಗಳಾಗ್ತವೆ, ಆಮೇಲೆ ಎಳೆಗಳಾಗ್ತವೆ, ಕೊನೆಗೆ ಪ್ಲೇಕ್. ನರಕೋಶಗಳು ಒಂದರ ಜೊತೆ ಒಂದು ಮಾತಾಡುವ ಸಂದುಗಳಿವೆಯಲ್ಲ, ಸಿನಾಪ್ಸ್, ಅವಕ್ಕೆ ದೊಡ್ಡ ಗಡ್ಡೆಗಿಂತ ಆ ಪುಟ್ಟ ಗುಂಪುಗಳೇ ಹೆಚ್ಚು ಅಪಾಯಕಾರಿ ಅಂತ ಬಹಳ ವಿಜ್ಞಾನಿಗಳ ಅಭಿಪ್ರಾಯ.

ಹಾಗಾದರೆ ಅಮೈಲಾಯ್ಡ್ ಒಂದು ಕಡೆ ಗಟ್ಟಿಯಾದರೆ ಪಕ್ಕದಲ್ಲೂ ಯಾಕೆ ಗಟ್ಟಿಯಾಗುತ್ತೆ? ಇದಕ್ಕೆ ನಮ್ಮ ಅಡುಗೆಮನೆಗಿಂತ ಒಳ್ಳೆಯ ಉದಾಹರಣೆ ಸಿಗೋದಿಲ್ಲ. ರಾತ್ರಿ ಹಾಲಿಗೆ ಹೆಪ್ಪು ಹಾಕ್ತೀವಿ. ಒಂದು ಚಮಚ ಮೊಸರು, ಬೆಳಿಗ್ಗೆ ಅಷ್ಟೂ ಹಾಲು ಮೊಸರು. ಹಾಲಲ್ಲಿ ಆ ಕೆಲಸ ಮಾಡೋದು ಬ್ಯಾಕ್ಟೀರಿಯಾ, ಇಲ್ಲಿ ಜೀವಿ ಯಾವುದೂ ಇಲ್ಲ. ಆದರೆ ಕ್ರಮ ಹಾಗೇ ಇದೆ. ತಪ್ಪಾಗಿ ಮಡಚಿಕೊಂಡ ಒಂದು ಪ್ರೋಟೀನ್ ತನ್ನ ಪಕ್ಕ ಸರಿಯಾಗಿದ್ದ ಪ್ರೋಟೀನ್‌ಗೆ ತಗುಲಿ, ಅದನ್ನೂ ತನ್ನದೇ ಆಕಾರಕ್ಕೆ ಮಡಚುತ್ತೆ. ಅದು ಮುಂದಿನದನ್ನು ಮಡಚುತ್ತೆ. ಅಮೈಲಾಯ್ಡ್‌ಗೂ ಹೀಗೇ, ಟಾವ್‌ಗೂ ಹೀಗೇ. ಪಾರ್ಕಿನ್‌ಸನ್ ಕಾಯಿಲೆಯಲ್ಲಿ ಆಲ್ಫಾ ಸಿನುಕ್ಲೀನ್ ಅನ್ನೋ ಇನ್ನೊಂದು ಪ್ರೋಟೀನ್‌ಗೂ ಇದೇ ಗತಿ. ಮೆದುಳು ಸವೆಯುವ ಕಾಯಿಲೆಗಳಲ್ಲಿ ಪ್ರೋಟೀನ್ ಬೇರೆ ಬೇರೆ, ಹೆಪ್ಪುಗಟ್ಟುವ ಕ್ರಮ ಮಾತ್ರ ಒಂದೇ ಥರ.

ಅಮೈಲಾಯ್ಡ್ ಇಲ್ಲಿ ನಿಜವಾಗಿ ತಪ್ಪಿತಸ್ಥನೋ ಅಥವಾ ಜಾಗದಲ್ಲಿ ಸಿಕ್ಕಿಬಿದ್ದ ಸಾಕ್ಷಿಯೋ ಅನ್ನೋ ವಾದ ದಶಕಗಳಿಂದ ಇದೆ. ತಪ್ಪಿತಸ್ಥ ಅನ್ನೋದಕ್ಕೆ ಬಲವಾದ ಪುರಾವೆ ಕೊಟ್ಟದ್ದು ಜೀನ್‌ಗಳು. ಎಪಿಪಿ ಜೀನ್ ಇರೋದು 21ನೇ ಕ್ರೋಮೋಸೋಮ್ ಮೇಲೆ. ಡೌನ್ ಸಿಂಡ್ರೋಮ್ ಇರುವವರಿಗೆ ಆ ಕ್ರೋಮೋಸೋಮ್ ಎರಡರ ಬದಲು ಮೂರು ಇರುತ್ತೆ, ಅಂದ್ರೆ ಎಪಿಪಿಯೂ ಜಾಸ್ತಿ. ಅವರಲ್ಲಿ 40 ವರ್ಷ ಆಗುವ ಹೊತ್ತಿಗೆ ಬಹುತೇಕ ಎಲ್ಲರ ಮೆದುಳಲ್ಲೂ ಪ್ಲೇಕ್ ಕಾಣುತ್ತೆ. ಇದಕ್ಕೆ ಉಲ್ಟಾ ಉದಾಹರಣೆ ಐಸ್‌ಲ್ಯಾಂಡಿನದು. ಅಲ್ಲಿ ಕೆಲವರ ಎಪಿಪಿಯಲ್ಲಿ ಬೀಟಾ ಕತ್ತರಿ ಬೀಳುವ ಜಾಗದ ಪಕ್ಕವೇ ಒಂದು ಬದಲಾವಣೆ ಇದೆ. ಅದರಿಂದ ಅಮೈಲಾಯ್ಡ್ ಸುಮಾರು ಶೇ 40ರಷ್ಟು ಕಡಿಮೆ ತಯಾರಾಗುತ್ತೆ. ಅಂಥವರಿಗೆ ಅಲ್ಝೈಮರ್ ಬರೋದು ಅಪರೂಪ ಅಂತ 2012ರಲ್ಲಿ ಗೊತ್ತಾಯ್ತು.

ಆದರೆ ಈ ಇಡೀ ಕಾಯಿಲೆಯ ಬಗ್ಗೆ ನಮಗೆ ಅತಿ ಹೆಚ್ಚು ಕಲಿಸಿದವರು ಕೊಲಂಬಿಯಾ ದೇಶದ ಬೆಟ್ಟಗಾಡಿನ ರೈತ ಕುಟುಂಬಗಳು. ಅವರ ಬಗ್ಗೆ ಸ್ವಲ್ಪ ನಿಧಾನವಾಗಿ ಮಾತಾಡೋಣ.

ಆಂಟಿಯೋಕಿಯಾ ಅನ್ನುವ ಪ್ರಾಂತ್ಯ, ಅದರಲ್ಲಿ ಯಾರುಮಾಲ್ ಅನ್ನೋ ಊರು, ಸುತ್ತಮುತ್ತ ಹಳ್ಳಿಗಳು. ಅಲ್ಲಿ ತಲೆಮಾರುಗಳಿಂದ ಒಂದು ಕಾಯಿಲೆ ಇತ್ತು. ನಲವತ್ತರ ಆಸುಪಾಸಿನಲ್ಲಿ, ಮಕ್ಕಳು ಇನ್ನೂ ಸ್ಕೂಲಿಗೆ ಹೋಗ್ತಿರುವಾಗಲೇ, ಅಪ್ಪನಿಗೋ ಅಮ್ಮನಿಗೋ ಮರೆವು ಶುರುವಾಗೋದು. ಊರವರು ಅದಕ್ಕೆ ‘ಲಾ ಬೊಬೇರಾ’ ಅಂತಿದ್ರು. ಪೆದ್ದುತನ ಅಂತ ಅರ್ಥ. ನಮ್ಮ ಅರಳು ಮರಳಿನ ದೂರದ ತಂಗಿ ಅನ್ನಿ. ಯಾರೋ ಮಾಟ ಮಾಡಿದ್ದಾರೆ, ಶಾಪ ಇದೆ ಅಂತಲೂ ನಂಬಿದ್ದರು. 1980ರ ದಶಕದಲ್ಲಿ ಫ್ರಾನ್ಸಿಸ್ಕೋ ಲೊಪೆರಾ ಅನ್ನೋ ಯುವ ನರರೋಗ ವೈದ್ಯರ ಹತ್ತಿರ ಇನ್ನೂ ಐವತ್ತೂ ಆಗದ ಒಬ್ಬ ರೋಗಿ ಬಂದರು. ವಿಚಾರಿಸಿದರೆ ಅವರ ಅಪ್ಪನಿಗೂ ಹೀಗೇ ಆಗಿತ್ತು. ಲೊಪೆರಾ ಅಲ್ಲಿಗೇ ಬಿಡಲಿಲ್ಲ. ಹಳ್ಳಿಹಳ್ಳಿ ತಿರುಗಿ, ಚರ್ಚಿನ ಹಳೇ ದಾಖಲೆ ತೆಗೆಸಿ, ವಂಶವೃಕ್ಷ ಬರೆದರು. ಆ ಕಾಲದಲ್ಲಿ ಅದು ಗೆರಿಲ್ಲಾಗಳು, ಡ್ರಗ್ಸ್ ಗ್ಯಾಂಗುಗಳು ಓಡಾಡುತ್ತಿದ್ದ ಪ್ರದೇಶ ಅನ್ನೋದು ನೆನಪಿರಲಿ. ಬರೆಯುತ್ತಾ ಹೋದ ಹಾಗೆ ಆ ವೃಕ್ಷದಲ್ಲಿ ಸುಮಾರು 6,000 ಜನ ಸೇರಿದರು.

1995ರಲ್ಲಿ ಕಾರಣ ಸಿಕ್ಕಿತು. 14ನೇ ಕ್ರೋಮೋಸೋಮ್ ಮೇಲೆ ಪ್ರೆಸೆನಿಲಿನ್ 1 ಅನ್ನೋ ಜೀನ್. ನಾವು ಆಗಲೇ ಮಾತಾಡಿದ ಗಾಮಾ ಕತ್ತರಿ ಇದೆಯಲ್ಲ, ಅದರ ಅಲಗು ಮಾಡುವ ಜೀನ್ ಇದು. ಈ ಕುಟುಂಬದವರಲ್ಲಿ ಆ ಪ್ರೋಟೀನ್‌ನ 280ನೇ ಸ್ಥಾನದಲ್ಲಿ ಗ್ಲುಟಾಮಿಕ್ ಆಮ್ಲ ಇರಬೇಕಾದ ಕಡೆ ಅಲನೀನ್ ಇದೆ. ಒಂದಕ್ಷರದ ತಪ್ಪು ಅಂತೀವಲ್ಲ, ಹಾಗೆ. ಅಷ್ಟಕ್ಕೇ ಕತ್ತರಿಯ ಅಳತೆ ತಪ್ಪಿ 42ರ ಅಂಟು ತುಂಡಿನ ಪಾಲು ಏರುತ್ತೆ. ಈ ಜೀನ್ ಬಂದವರಿಗೆ ಸರಾಸರಿ 44ರ ಹೊತ್ತಿಗೆ ಮರೆವಿನ ಲಕ್ಷಣ, 49ರ ಹೊತ್ತಿಗೆ ಪೂರ್ತಿ ಡಿಮೆನ್ಷಿಯಾ. ಅಪ್ಪ ಅಮ್ಮಂದಿರಲ್ಲಿ ಒಬ್ಬರಿಗಿದ್ದರೆ ಮಗುವಿಗೆ ಬರುವ ಸಾಧ್ಯತೆ ಸರಿಯಾಗಿ ಅರ್ಧಕ್ಕರ್ಧ. ನಾಣ್ಯ ಚಿಮ್ಮಿದ ಹಾಗೆ.

ನಿಮಗೆ 22 ವರ್ಷ ಅಂದುಕೊಳ್ಳಿ. ಅಮ್ಮನಿಗೆ 46, ನಿಮ್ಮ ಹೆಸರು ಮರೆತಿದ್ದಾಳೆ. ಒಂದು ರಕ್ತಪರೀಕ್ಷೆ ಮಾಡಿಸಿದರೆ ನಿಮ್ಮ ಭವಿಷ್ಯ ಗೊತ್ತಾಗುತ್ತೆ. ಮಾಡಿಸ್ತೀರಾ? ಆ ಕುಟುಂಬಗಳ ಎಷ್ಟೋ ಯುವಕ ಯುವತಿಯರು ಬೇಡ ಅಂದರು. ಅವರ ಈ ಹಕ್ಕನ್ನು ಕಾಪಾಡೋಕೆ ಸಂಶೋಧಕರು ಒಂದು ಉಪಾಯ ಮಾಡಿದರು. ಲಕ್ಷಣ ಬರುವ ಮೊದಲೇ ಔಷಧ ಕೊಟ್ಟು ನೋಡುವ ಒಂದು ಪ್ರಯೋಗ ಅಲ್ಲಿ 2013ರಲ್ಲಿ ಶುರುವಾಯ್ತು, ಕ್ರೆನೆಜುಮ್ಯಾಬ್ ಅನ್ನುವ ಔಷಧ. ಅದರಲ್ಲಿ ಆ ಜೀನ್ ಇಲ್ಲದವರನ್ನೂ ಸೇರಿಸಿಕೊಂಡರು. ಅವರಿಗೆ ಔಷಧ ಕೊಡಲಿಲ್ಲ, ಬರೀ ಖಾಲಿ ಇಂಜೆಕ್ಷನ್. ಯಾಕೆ ಗೊತ್ತಾ? ಜೀನ್ ಇದ್ದವರನ್ನು ಮಾತ್ರ ಸೇರಿಸಿಕೊಂಡಿದ್ದರೆ, ‘ನಿನ್ನನ್ನು ಆಯ್ಕೆ ಮಾಡಿದ್ದೇವೆ’ ಅಂದ ಕ್ಷಣವೇ ಆ ಹುಡುಗನಿಗೆ ಎಲ್ಲಾ ಗೊತ್ತಾಗಿಬಿಡ್ತಿತ್ತು. 252 ಜನ ಸೇರಿದರು, ವರ್ಷಗಟ್ಟಲೆ ಬಂದು ಚುಚ್ಚಿಸಿಕೊಂಡರು. 2022ರಲ್ಲಿ ಫಲಿತಾಂಶ ಬಂತು. ಹೇಳಿಕೊಳ್ಳುವಂಥ ಪ್ರಯೋಜನ ಆಗಲಿಲ್ಲ.

ಆದರೆ ಇದೇ ಕುಟುಂಬದಲ್ಲಿ ಒಬ್ಬ ಹೆಂಗಸು ಎಲ್ಲಾ ಲೆಕ್ಕ ತಲೆಕೆಳಗೆ ಮಾಡಿದಳು. ಅವಳ ಕಥೆಗೆ ಹೋಗುವ ಮೊದಲು ಎರಡನೇ ಪ್ರೋಟೀನ್, ಟಾವ್, ಏನು ಮಾಡುತ್ತೆ ನೋಡಿಬಿಡೋಣ.

ನರಕೋಶ ಉದ್ದ ಇರುತ್ತೆ. ಅದರ ಒಂದು ತುದಿಯಿಂದ ಇನ್ನೊಂದು ತುದಿಗೆ ಸಾಮಾನು ಸಾಗಿಸಬೇಕು. ಅದಕ್ಕೆ ಒಳಗೆ ಮೈಕ್ರೊಟ್ಯೂಬ್ಯೂಲ್ ಅನ್ನೋ ಉದ್ದುದ್ದ ಕೊಳವೆಗಳಿವೆ. ಮದುವೆಮನೆ ಚಪ್ಪರದ ಬಿದಿರು ಗಳುಗಳು ಅಂತ ಕಲ್ಪಿಸಿಕೊಳ್ಳಿ. ಗಳುಗಳನ್ನು ಅಲ್ಲಲ್ಲಿ ಹಗ್ಗದಿಂದ ಬಿಗಿದಿರ್ತಾರಲ್ಲ, ಟಾವ್ ಮಾಡೋದು ಆ ಹಗ್ಗದ ಕೆಲಸ. ಟಾವ್‌ಗೆ ಫಾಸ್ಫೇಟ್ ಗುಂಪುಗಳು ಅಂಟಿಕೊಳ್ತವೆ, ಬಿಡ್ತವೆ. ಹದವಾಗಿದ್ದರೆ ಒಳ್ಳೇದೇ, ಬಿಗಿ ಸಡಿಲ ಹೊಂದಿಸೋಕೆ ಅದು ಬೇಕು. ಅಲ್ಝೈಮರ್‌ನಲ್ಲಿ ಫಾಸ್ಫೇಟ್ ವಿಪರೀತ ಅಂಟುತ್ತೆ. ಹಗ್ಗ ಗಳುವಿನಿಂದ ಕಳಚಿ ಬೀಳುತ್ತೆ. ಬಿದ್ದ ಹಗ್ಗಗಳು ಒಂದಕ್ಕೊಂದು ಸುತ್ತಿಕೊಂಡು ಸಿಕ್ಕಾಗ್ತವೆ. ಅಲೋಯಿಸ್ ಅಲ್ಝೈಮರ್ ಕಂಡದ್ದು ಈ ಸಿಕ್ಕುಗಳನ್ನೇ. ಅತ್ತ ಚಪ್ಪರ ಸಡಿಲ, ಸಾಗಣೆ ನಿಧಾನ, ಇತ್ತ ಸಿಕ್ಕು ಬೆಳೀತಾ ಬೆಳೀತಾ ಕೋಶವೇ ಸಾಯುತ್ತೆ.

ಅಮೈಲಾಯ್ಡ್‌ಗೂ ಟಾವ್‌ಗೂ ಒಂದು ದೊಡ್ಡ ವ್ಯತ್ಯಾಸ ಇದೆ. ಅಮೈಲಾಯ್ಡ್ ಮೆದುಳಿನ ಉದ್ದಗಲಕ್ಕೂ ಹರಡಿಕೊಳ್ಳುತ್ತೆ, ಆದರೂ ಮನುಷ್ಯ ವರ್ಷಗಟ್ಟಲೆ ಚೆನ್ನಾಗಿಯೇ ಇರಬಹುದು. ಲಕ್ಷಣ ಕಾಣೋಕೆ 15-20 ವರ್ಷ ಮೊದಲೇ ಅದು ಸೇರೋಕೆ ಶುರುವಾಗಿರುತ್ತೆ. ಟಾವ್ ಹಾಗಲ್ಲ. ಅದಕ್ಕೆ ಒಂದು ದಾರಿ ಇದೆ. ಕಿವಿಯ ಮೇಲ್ಭಾಗದ ಒಳಗೆ ಆಳದಲ್ಲಿ, ಹೊಸ ನೆನಪುಗಳು ಒಳಗೆ ಹೋಗುವ ಬಾಗಿಲಿನ ಹಾಗಿರುವ ಎಂಟೊರೈನಲ್ ಕಾರ್ಟೆಕ್ಸ್ ಅನ್ನೋ ಜಾಗದಲ್ಲಿ ಮೊದಲು ಕಾಣುತ್ತೆ. ಅಲ್ಲಿಂದ ಹಿಪ್ಪೊಕ್ಯಾಂಪಸ್, ಆಮೇಲೆ ಹೊರಪದರ. ಟಾವ್ ಎಲ್ಲಿ ತಲುಪಿದೆಯೋ ಆ ಭಾಗದ ಕೆಲಸ ಕೆಡುತ್ತೆ. ಹಾಗಾಗಿಯೇ ಅಜ್ಜಿಗೆ ಬೆಳಿಗ್ಗೆ ತಿಂದ ಉಪ್ಪಿಟ್ಟು ನೆನಪಿಲ್ಲ, ಆದರೆ ಐವತ್ತು ವರ್ಷದ ಹಿಂದಿನ ಮದುವೆಯಲ್ಲಿ ಬೀಗರು ಮಾಡಿದ ಜಗಳ ಚಾಚೂ ತಪ್ಪದೆ ನೆನಪಿದೆ. ‘ಬೇಕಾದ್ದೆಲ್ಲ ನೆನಪಿರುತ್ತೆ, ನಾಟಕ ಮಾಡ್ತಾಳೆ’ ಅಂತ ಬೈಯುವವರಿಗೆ ಇದನ್ನು ಹೇಳಿ. ಹೊಸದನ್ನು ಬರೆದಿಡುವ ಜಾಗ ಮೊದಲು ಕೆಟ್ಟಿದೆ, ಹಳೇದು ಇಟ್ಟಿರುವ ಜಾಗಕ್ಕೆ ಕಾಯಿಲೆ ಇನ್ನೂ ತಲುಪಿಲ್ಲ.

ಈಗ ಆ ಕೊಲಂಬಿಯಾದ ಹೆಂಗಸು. ಅವಳಿಗೂ ಪ್ರೆಸೆನಿಲಿನ್ ಜೀನ್‌ನ ಆ ತಪ್ಪು ಇತ್ತು. ನಲವತ್ತರ ದಶಕದಲ್ಲೇ ಕಾಯಿಲೆ ಬರಬೇಕಿತ್ತು. ಎಪ್ಪತ್ತು ದಾಟುವವರೆಗೂ ಬರಲಿಲ್ಲ. ಮೆದುಳನ್ನು ಸ್ಕ್ಯಾನ್ ಮಾಡಿದರೆ ಅಮೈಲಾಯ್ಡ್ ತುಂಬಿ ತುಳುಕುತ್ತಿದೆ, ಇಡೀ ಕುಟುಂಬದಲ್ಲೇ ಹೆಚ್ಚು ಅನ್ನುವಷ್ಟು. ಟಾವ್ ಮಾತ್ರ ಬಹಳ ಕಡಿಮೆ. ಜೀನ್‌ಗಳನ್ನೆಲ್ಲ ಜಾಲಾಡಿದಾಗ ಎಪಿಒಇ ಅನ್ನೋ ಜೀನ್‌ನಲ್ಲಿ ತೀರಾ ಅಪರೂಪದ ಒಂದು ಬದಲಾವಣೆ ಸಿಕ್ಕಿತು, ಅದೂ ಅಪ್ಪ ಅಮ್ಮ ಇಬ್ಬರ ಕಡೆಯಿಂದಲೂ ಬಂದದ್ದು. ಅದಕ್ಕೆ ಕ್ರೈಸ್ಟ್‌ಚರ್ಚ್ ರೂಪ ಅಂತ ಹೆಸರು, ಮೊದಲು ಗೊತ್ತಾದದ್ದು ನ್ಯೂಜಿಲೆಂಡಿನ ಆ ಊರಿನಲ್ಲಿ. 2019ರಲ್ಲಿ ಈ ವಿಷಯ ಪ್ರಕಟವಾಯ್ತು. ಸಂಶೋಧಕರ ವಿವರಣೆ ಹೀಗಿದೆ. ನರಕೋಶಗಳ ಮೈಮೇಲೆ ಹೆಪರಾನ್ ಸಲ್ಫೇಟ್ ಅನ್ನೋ ಸಕ್ಕರೆ ಸರಪಳಿಗಳಿವೆ. ಎಪಿಒಇ ಅವಕ್ಕೆ ಅಂಟಿಕೊಳ್ಳುತ್ತೆ, ಟಾವ್ ಒಂದು ಕೋಶದಿಂದ ಇನ್ನೊಂದಕ್ಕೆ ದಾಟೋದೂ ಅವುಗಳನ್ನೇ ಹಿಡಿದುಕೊಂಡು. ಕ್ರೈಸ್ಟ್‌ಚರ್ಚ್ ರೂಪಕ್ಕೆ ಆ ಅಂಟು ತೀರಾ ಕಡಿಮೆ. ಹೀಗಾಗಿ ಅಮೈಲಾಯ್ಡ್ ಇದ್ದರೂ ಟಾವ್‌ನ ಹೆಪ್ಪು ಹರಡಲಿಲ್ಲ.

ಒಬ್ಬಳ ಕಥೆ ಅಲ್ವಾ, ಕಾಕತಾಳೀಯ ಇರಬಹುದು ಅಂತ ಅನುಮಾನ ಇತ್ತು. 2024ರಲ್ಲಿ ಅದೇ ಕುಟುಂಬದ ಇನ್ನೂ 27 ಜನರ ವಿವರ ಬಂತು. ಅವರಲ್ಲಿ ಈ ರೂಪ ಒಂದೇ ಕಡೆಯಿಂದ ಬಂದಿತ್ತು. ಅವರಿಗೆ ಮರೆವು ಶುರುವಾದದ್ದು 52ರ ಸುಮಾರಿಗೆ, ಇಲ್ಲದವರಿಗೆ 47. ಐದು ವರ್ಷ. ಮಕ್ಕಳನ್ನು ಸಾಕುವ ವಯಸ್ಸಿನಲ್ಲಿ ಐದು ವರ್ಷ ಕಡಿಮೆ ಏನಲ್ಲ. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಲೊಪೆರಾ ತೀರಿಕೊಂಡರು.

ಎಪಿಒಇ ಹೆಸರು ಬಂತಲ್ಲ, ಅದರದ್ದೇ ಇನ್ನೊಂದು ರೂಪ ನಮಗೆ ನಿಮಗೆಲ್ಲ ಹೆಚ್ಚು ಹತ್ತಿರದ್ದು. ಕೊಲಂಬಿಯಾದ ಥರ ನೇರವಾಗಿ ಜೀನ್‌ನಿಂದ ಬರುವ ಅಲ್ಝೈಮರ್ ನೂರಕ್ಕೆ ಒಂದಕ್ಕಿಂತಲೂ ಕಡಿಮೆ. ಉಳಿದವರಲ್ಲಿ ಅಪಾಯ ಹೆಚ್ಚಿಸುವ ಜೀನ್‌ಗಳಲ್ಲಿ ದೊಡ್ಡದು ಎಪಿಒಇ 4. ಈ ಪ್ರೋಟೀನ್‌ನ ಮೂಲ ಕೆಲಸ ಕೊಬ್ಬನ್ನು ಸಾಗಿಸೋದು. 4ನೇ ರೂಪ ಇದ್ದವರಲ್ಲಿ ಅಮೈಲಾಯ್ಡ್ ತೆಗೆದುಹಾಕುವ ಕೆಲಸ ಮಂದ. ಯುರೋಪ್ ಮೂಲದವರಲ್ಲಿ ನಡೆದ ಅಧ್ಯಯನಗಳ ಪ್ರಕಾರ ಒಂದು ಪ್ರತಿ ಇದ್ದರೆ ಅಪಾಯ ಸುಮಾರು ಮೂರು ಪಟ್ಟು, ಎರಡಿದ್ದರೆ ಎಂಟರಿಂದ ಹನ್ನೆರಡು ಪಟ್ಟು. ಹಾಗಂತ ಎರಡು ಪ್ರತಿ ಇದ್ದವರೆಲ್ಲರಿಗೂ ಕಾಯಿಲೆ ಬರೋದಿಲ್ಲ, ಒಂದೂ ಇಲ್ಲದವರಿಗೂ ಬರುತ್ತೆ.

ಮೆದುಳಿಗೂ ಪೌರಕಾರ್ಮಿಕರಿದ್ದಾರೆ, ಮೈಕ್ರೊಗ್ಲಿಯಾ ಅನ್ನುವ ಕೋಶಗಳು. ಪ್ಲೇಕ್‌ಗಳ ಸುತ್ತ ನಿಂತು ಕಸ ಹರಡದ ಹಾಗೆ ನೋಡಿಕೊಳ್ತವೆ, ಸತ್ತ ಕೋಶ ಎತ್ತಿಹಾಕ್ತವೆ. ಅವುಗಳ ಮೇಲಿರುವ ಟ್ರೆಮ್ 2 ಅನ್ನೋ ಗ್ರಾಹಕದಲ್ಲಿ ದೋಷವಿದ್ದವರಿಗೆ ಅಲ್ಝೈಮರ್ ಅಪಾಯ ಹೆಚ್ಚು ಅನ್ನೋದು ಗೊತ್ತಾದ ಮೇಲೆ ಇವುಗಳ ಮಹತ್ವ ಏರಿತು. ಆದರೆ ಅತಿಯಾಗಿ ಕೆರಳಿದರೆ ಇವೇ ಕೋಶಗಳು ಚೆನ್ನಾಗಿರುವ ಸಿನಾಪ್ಸ್‌ಗಳನ್ನೂ ಸವರಿಹಾಕ್ತವೆ ಅನ್ನೋದು ಇಲಿಗಳ ಪ್ರಯೋಗದಲ್ಲಿ ಕಂಡಿದೆ. ಅಂದ್ರೆ ಹಾನಿಯ ಒಂದು ಪಾಲು ಕಸದಿಂದ, ಇನ್ನೊಂದು ಪಾಲು ಕಸ ಗುಡಿಸುವ ಗದ್ದಲದಿಂದ.

ಸರಿ, ಔಷಧ? ಡೊನೆಪೆಜಿಲ್ ಅಂತ ಒಂದು ಹಳೇ ಮಾತ್ರೆ ಇದೆ, ನಮ್ಮಲ್ಲೂ ಡಾಕ್ಟರ್‌ಗಳು ಬರೀತಾರೆ. ಅದು ಅಸಿಟೈಲ್‌ಕೋಲಿನ್ ಅನ್ನೋ ಸಂದೇಶವಾಹಕ ಬೇಗ ಒಡೆಯದ ಹಾಗೆ ತಡೆಯುತ್ತೆ. ಸ್ವಲ್ಪ ಕಾಲ ಲಕ್ಷಣ ಹತೋಟಿಯಲ್ಲಿರುತ್ತೆ, ಕಾಯಿಲೆ ಒಳಗೆ ಮುಂದುವರಿಯುತ್ತೆ. ಹೊಸ ಔಷಧಗಳು ನೇರವಾಗಿ ಅಮೈಲಾಯ್ಡ್ ಮೇಲೇ ಬೀಳುವ ಪ್ರತಿಕಾಯಗಳು. ಅವುಗಳಲ್ಲಿ ಲೆಕಾನೆಮ್ಯಾಬ್ 2023ರಲ್ಲಿ, ಡೊನಾನೆಮ್ಯಾಬ್ 2024ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದವು. ‘ಅಲ್ಝೈಮರ್‌ಗೆ ಔಷಧ ಬಂತು’ ಅನ್ನೋ ಫಾರ್ವರ್ಡ್ ನಿಮ್ಮ ಫ್ಯಾಮಿಲಿ ಗ್ರೂಪಿಗೂ ಬಂದಿರಬಹುದು. ಅಂಕಿ ಅಂಶ ನೋಡೋಣ. ಲೆಕಾನೆಮ್ಯಾಬ್ ಪ್ರಯೋಗದಲ್ಲಿ 1,795 ಜನ, ಎಲ್ಲರೂ ಆರಂಭದ ಹಂತದವರು, 18 ತಿಂಗಳು. ಅಮೈಲಾಯ್ಡ್ ಭಾರೀ ಕಡಿಮೆಯಾಯ್ತು, ಅದರಲ್ಲಿ ಅನುಮಾನ ಇಲ್ಲ. ಕಾಯಿಲೆ? ನಿಲ್ಲಲಿಲ್ಲ, ಹಿಂದಕ್ಕೂ ಹೋಗಲಿಲ್ಲ. ಕುಸಿತದ ವೇಗ ಶೇ 27ರಷ್ಟು ಕಡಿಮೆಯಾಯ್ತು. 18 ಅಂಕದ ಅಳತೆಗೋಲಿನಲ್ಲಿ ಔಷಧ ಪಡೆದವರಿಗೂ ಪಡೆಯದವರಿಗೂ ಇದ್ದ ಅಂತರ 0.45 ಅಂಕ. ಔಷಧ ಪಡೆದವರಲ್ಲಿ ನೂರಕ್ಕೆ 12.6 ಜನರ ಸ್ಕ್ಯಾನ್‌ನಲ್ಲಿ ಮೆದುಳು ಊದಿದ್ದು ಕಂಡಿತು. ಬಹಳ ಜನರಿಗೆ ಅದರಿಂದ ಏನೂ ಅನ್ನಿಸಲಿಲ್ಲ, ಕೆಲವರಿಗೆ ಗಂಭೀರವಾಯ್ತು. ಎಪಿಒಇ 4 ಎರಡು ಪ್ರತಿ ಇದ್ದವರಿಗೆ ಈ ಅಪಾಯ ಇನ್ನೂ ಜಾಸ್ತಿ. ಅಮೆರಿಕದಲ್ಲಿ ಪ್ರಕಟಿಸಿದ ಬೆಲೆ ವರ್ಷಕ್ಕೆ 26,500 ಡಾಲರ್. ಎರಡು ವಾರಕ್ಕೊಮ್ಮೆ ಡ್ರಿಪ್, ನಡುನಡುವೆ ಎಂಆರ್‌ಐ ಸ್ಕ್ಯಾನ್.

ನನ್ನ ಅಭಿಪ್ರಾಯ ಕೇಳಿದರೆ, ವಿಜ್ಞಾನದ ದೃಷ್ಟಿಯಿಂದ ಇದು ದೊಡ್ಡ ಹೆಜ್ಜೆ. ಅಮೈಲಾಯ್ಡ್ ತೆಗೆದರೆ ಕಾಯಿಲೆ ನಿಧಾನವಾಗುತ್ತೆ ಅನ್ನೋದು ಮನುಷ್ಯರಲ್ಲೇ ಸಾಬೀತಾಯ್ತು. ಆದರೆ ಮನೆ ಮಾರಿ ಈ ಔಷಧ ಕೊಡಿಸಬೇಕಾ ಅಂತ ಯಾರಾದರೂ ಕೇಳಿದರೆ, ಆ 0.45 ಅನ್ನೋ ಅಂಕೆಯನ್ನು ಎದುರಿಗಿಟ್ಟುಕೊಂಡು ಡಾಕ್ಟರ್ ಜೊತೆ ಕೂತು ಮಾತಾಡಿ ಅಂತೀನಿ. ಟಾವ್ ಒಮ್ಮೆ ಹರಡಲು ಶುರುವಾದ ಮೇಲೆ ಅಮೈಲಾಯ್ಡ್ ಗುಡಿಸಿದರೆ ಲಾಭ ಅಷ್ಟಕ್ಕಷ್ಟೇ. ಮೊಸರಾದ ಮೇಲೆ ಹೆಪ್ಪು ಹುಡುಕಿ ತೆಗೆದ ಹಾಗೆ.

ಒಂದು ಅಡ್ಡ ಮಾತು. ಅಮೈಲಾಯ್ಡ್ ಸಿದ್ಧಾಂತವೇ ಮೋಸ ಅಂತ ಹೇಳುವ ವಿಡಿಯೋಗಳು ಬಹಳ ಓಡಾಡ್ತಿವೆ. ಅದರ ಹಿಂದಿರುವ ಸತ್ಯ ಇಷ್ಟು. ಅಮೈಲಾಯ್ಡ್‌ನ ಒಂದು ನಿರ್ದಿಷ್ಟ ಗುಂಪಿನ ಬಗ್ಗೆ 2006ರಲ್ಲಿ ನೇಚರ್ ಪತ್ರಿಕೆಯಲ್ಲಿ ಬಂದ ಪ್ರಸಿದ್ಧ ಲೇಖನದ ಚಿತ್ರಗಳನ್ನು ತಿದ್ದಲಾಗಿತ್ತು ಅಂತ ಗೊತ್ತಾಗಿ, 2024ರಲ್ಲಿ ಅದನ್ನು ವಾಪಸ್ ಪಡೆದರು. ಅದು ಗಂಭೀರ ವಿಷಯ, ಅದರಿಂದ ಎಷ್ಟೋ ಜನರ ಕಾಲ, ದುಡ್ಡು ಹಾಳಾಗಿದೆ. ಆದರೆ ಯಾರುಮಾಲ್‌ನ ಜೀನ್, ಡೌನ್ ಸಿಂಡ್ರೋಮ್, ಐಸ್‌ಲ್ಯಾಂಡ್, ಇವು ಯಾವುವೂ ಆ ಒಂದು ಲೇಖನದ ಮೇಲೆ ನಿಂತಿಲ್ಲ.

ಔಷಧಕ್ಕಿಂತ ವೇಗವಾಗಿ ಓಡ್ತಿರೋದು ಪರೀಕ್ಷೆ. ಮೊದಲು ಬೆನ್ನುಹುರಿಯ ನೀರು ತೆಗೆಯಬೇಕಿತ್ತು ಅಥವಾ ದುಬಾರಿ ಪೆಟ್ ಸ್ಕ್ಯಾನ್ ಬೇಕಿತ್ತು. ಈಗ ಟಾವ್‌ನ 217ನೇ ಸ್ಥಾನದಲ್ಲಿ ಫಾಸ್ಫೇಟ್ ಅಂಟಿದ ರೂಪವನ್ನು ರಕ್ತದಲ್ಲೇ ಅಳೆಯಬಹುದು. 2025ರ ಮೇನಲ್ಲಿ ಅಮೆರಿಕ ಇಂಥ ಮೊದಲ ರಕ್ತಪರೀಕ್ಷೆಗೆ ಒಪ್ಪಿಗೆ ಕೊಟ್ಟಿದೆ. ಆದರೆ ಅದು ಮರೆವಿನ ಲಕ್ಷಣ ಇರುವವರಿಗೆ, ತಜ್ಞರ ಕೈಯಲ್ಲಿ. ಚೆನ್ನಾಗಿರುವ 25ರ ಹುಡುಗ ಕುತೂಹಲಕ್ಕೆ ಮಾಡಿಸಿಕೊಳ್ಳುವಂಥದ್ದಲ್ಲ. ಆನ್‌ಲೈನಲ್ಲಿ ಎಂಜಲು ಕಳಿಸಿ ಎಪಿಒಇ ನೋಡಿಸುವ ಕಿಟ್ ಬಗ್ಗೆಯೂ ನನಗೆ ಅದೇ ಅನ್ನಿಸೋದು. ಗೊತ್ತಾದ ಮೇಲೆ ಅದನ್ನು ಮರೆಯೋಕೆ ಆಗಲ್ಲ, ಹೇಳಿ ಸಮಾಧಾನ ಮಾಡೋಕೆ ಪಕ್ಕದಲ್ಲಿ ತಜ್ಞರೂ ಇರಲ್ಲ.

ನಮ್ಮ ಕಡೆ ಏನು ನಡೀತಿದೆ? ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಗಳಲ್ಲಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮೆದುಳು ಸಂಶೋಧನಾ ಕೇಂದ್ರದವರು 45 ದಾಟಿದ ಹತ್ತು ಸಾವಿರ ಜನರನ್ನು ವರ್ಷಗಟ್ಟಲೆ ಗಮನಿಸುವ ಗುರಿ ಇಟ್ಟುಕೊಂಡು ಕೆಲಸ ಮಾಡ್ತಿದ್ದಾರೆ. ರಕ್ತ, ಜೀನ್, ನೆನಪಿನ ಪರೀಕ್ಷೆ, ಸ್ಕ್ಯಾನ್ ಎಲ್ಲಾ. ಇದು ಯಾಕೆ ಮುಖ್ಯ ಅಂದ್ರೆ, ಇವತ್ತು ನಾನು ಹೇಳಿದ ಅಂಕಿಗಳಲ್ಲಿ ಬಹುಪಾಲು ಬಿಳಿಯರನ್ನು ನೋಡಿ ಬರೆದದ್ದು. ನೆನಪಿನ ಪರೀಕ್ಷೆಗಳೂ ಓದು ಬರಹ ಬಲ್ಲವರಿಗಾಗಿ ಮಾಡಿದವು. ಶಾಲೆಗೇ ಹೋಗದ, ಮಾವು, ಟೊಮೆಟೊ ಬೆಳೆಯುವ ಹಿರಿಯರೊಬ್ಬರಿಗೆ ‘ನೂರರಿಂದ ಏಳೇಳು ಕಳೀರಿ’ ಅಂದರೆ ಅದು ಮೆದುಳಿನ ಪರೀಕ್ಷೆಯೋ ಮೇಷ್ಟ್ರು ಕೊಟ್ಟ ಪರೀಕ್ಷೆಯೋ?

ಇನ್ನು ಮನೆಯ ಮಾತು. ಮರೆವು ಕಂಡ ಕೂಡಲೇ ಅಲ್ಝೈಮರ್ ಅಂತ ಹೆದರಬೇಡಿ, ಅರಳು ಮರಳು ಅಂತ ಬಿಟ್ಟೂ ಬಿಡಬೇಡಿ. ಬಿ12 ಕೊರತೆ, ಥೈರಾಯ್ಡ್ ಕಡಿಮೆ ಇರೋದು, ಖಿನ್ನತೆ, ಕೆಲವು ನಿದ್ದೆ ಮಾತ್ರೆಗಳು, ತಲೆಯೊಳಗೆ ನೀರು ತುಂಬುವ ಒಂದು ಸ್ಥಿತಿ, ಇವೆಲ್ಲ ಡಿಮೆನ್ಷಿಯಾ ಥರವೇ ಕಾಣ್ತವೆ, ಇವಕ್ಕೆ ಚಿಕಿತ್ಸೆ ಇದೆ. ಮೊದಲ ಪರೀಕ್ಷೆಗಳು ಸಾಮಾನ್ಯ ಲ್ಯಾಬ್‌ನಲ್ಲೇ ಆಗ್ತವೆ. ರಾಜ್ಯ ಸರ್ಕಾರ ನಿಮ್ಹಾನ್ಸ್ ಜೊತೆ ಸೇರಿ ಮಾಡಿದ ಯೋಜನೆಯಲ್ಲಿ ಜಿಲ್ಲಾ ಆಸ್ಪತ್ರೆಗಳಲ್ಲಿ ಮೆದುಳು ಆರೋಗ್ಯ ಕ್ಲಿನಿಕ್‌ಗಳಿವೆ, ಅಲ್ಲಿ ವಿಚಾರಿಸಬಹುದು. ಹೋಗುವಾಗ ಅವರ ಜೊತೆ ಮನೆಯಲ್ಲಿರುವವರೇ ಹೋಗಿ. ಯಾವಾಗ ಶುರುವಾಯ್ತು, ಏನೇನು ಮರೆತರು, ಲೆಕ್ಕ, ದಾರಿ, ಅಡುಗೆ ಎಲ್ಲಿ ತಪ್ಪುತ್ತಿದೆ ಅಂತ ಮೊಬೈಲಲ್ಲಿ ಎರಡು ವಾರ ಬರೆದಿಟ್ಟುಕೊಳ್ಳಿ. ತೊಗೊಳ್ಳೋ ಎಲ್ಲಾ ಮಾತ್ರೆಗಳ ಫೋಟೊ ಇರಲಿ. ಡಾಕ್ಟರ್‌ಗೆ ಸ್ಕ್ಯಾನ್‌ನಷ್ಟೇ ಉಪಯೋಗಕ್ಕೆ ಬರೋದು ಈ ನೋಟ್ಸ್.

ಕೊನೇದಾಗಿ, ನಿಮ್ಮಲ್ಲಿ ಹಲವರ ತಲೆಯಲ್ಲಿ ಇರಬಹುದಾದ ಪ್ರಶ್ನೆ: ಅಜ್ಜಿಗಿದೆ, ನನಗೂ ಬರುತ್ತಾ? ಅಜ್ಜಿಗೆ 75ಕ್ಕೆ ಬಂದದ್ದಾದರೆ, ನಿಮ್ಮ ಅಪಾಯ ಬೇರೆಯವರಿಗಿಂತ ಸ್ವಲ್ಪ ಹೆಚ್ಚಿರಬಹುದು, ಅಷ್ಟೇ. ಮನೆಯಲ್ಲಿ ತಲೆಮಾರಿಂದ ತಲೆಮಾರಿಗೆ ಐವತ್ತರ ಒಳಗೇ ಬರ್ತಿದ್ದರೆ ಮಾತ್ರ ಜೀನ್ ತಜ್ಞರನ್ನು ಕಾಣುವ ವಿಷಯ. ಉಳಿದಂತೆ ಲ್ಯಾನ್ಸೆಟ್ ಪತ್ರಿಕೆಯ ಆಯೋಗ 2024ರಲ್ಲಿ 14 ಕಾರಣಗಳನ್ನು ಹೇಳಿದೆ. ಅಷ್ಟನ್ನೂ ತಪ್ಪಿಸಲು ಆಗುವುದಾದರೆ ಜಗತ್ತಿನ ಡಿಮೆನ್ಷಿಯಾದಲ್ಲಿ ಸುಮಾರು ಶೇ 45ರಷ್ಟನ್ನು ತಡೆಯಬಹುದು ಅಥವಾ ಮುಂದೂಡಬಹುದು ಅನ್ನೋದು ಅದರ ಅಂದಾಜು. ಬಿಪಿ, ಶುಗರ್, ಕೊಲೆಸ್ಟರಾಲ್, ಸಿಗರೇಟು ಆ ಪಟ್ಟಿಯಲ್ಲಿರೋದು ನಿಮಗೆ ಆಶ್ಚರ್ಯ ಆಗಲಿಕ್ಕಿಲ್ಲ. ತಲೆಗೆ ಪೆಟ್ಟು ಬೀಳೋದೂ ಇದೆ, ಹೆಲ್ಮೆಟ್ ಬೈಕಿನ ಕನ್ನಡಿಗೆ ನೇತುಹಾಕುವವರು ಗಮನಿಸಿ. ನಡುವಯಸ್ಸಿನಲ್ಲಿ ಕಿವಿ ಮಂದವಾಗೋದು ದೊಡ್ಡ ಕಾರಣಗಳಲ್ಲಿ ಒಂದು. ಕಿವಿ ಮಂದವಾದ ಅಪ್ಪನಿಗೆ ಮಷೀನ್ ಕೊಡಿಸಿ. ನಿಮ್ಮ ಇಯರ್‌ಫೋನ್ ವಾಲ್ಯೂಮ್ ಎಷ್ಟಿದೆ ಅಂತಲೂ ಒಮ್ಮೆ ನೋಡಿಕೊಳ್ಳಿ. ಕಡಿಮೆ ಮಾಡಿದರೂ ನನ್ನ ದನಿ ಕೇಳಿಸುತ್ತೆ.

ಮುಂದಿನ ಸಂಚಿಕೆಯಲ್ಲಿ ಪಾರ್ಕಿನ್‌ಸನ್ ಕಾಯಿಲೆ ಮತ್ತು ಆಲ್ಫಾ ಸಿನುಕ್ಲೀನ್ ಬಗ್ಗೆ ಮಾತಾಡೋಣ. ನಮಸ್ಕಾರ.